ಪ್ರಥಮ ದರ್ಜೆಯ ಜಗಳ

ಇದನ್ನ ಎಲ್ಲೂ ಬಾಯಿ ಬಿಡಬಾರದು ಅಂತ ಹುಡುಗಿಗೆ ಎರಡು ಕಡೆಯಿಂದ ಹೇಳಿದ್ರು. ಮೊದಲು ಅಮ್ಮ ಹೇಳಿದ್ಲು. ಆಮೇಲೆ ಚಾನೆಲ್ಲಿನ ಜಗಳ ವಿಭಾಗದವರು ಮೊಹರು ಒತ್ತಿದ ಕಾಗದದಲ್ಲಿ ಬರೆದು ಹೇಳಿದ್ರು. ಹುಡುಗಿ ಹೇಳಿದ ಮಾತು ಕೇಳೋ ಪೈಕಿ. ಕ್ಲಾಸಲ್ಲಿ ಹಾಜರಿ ಕೂಗಿದಾಗ ಅವಳು ಅನ್ನೋ "ಇದ್ದೀನಿ" ಪಕ್ಕದ ಬೆಂಚಿಗೂ ಕೇಳಿಸ್ತಿರಲಿಲ್ಲ. ಟೀಚರು ಎಷ್ಟೋ ಸಲ ಅವಳಿಗೆ ಗೈರುಹಾಜರಿ ಹಾಕಿ, ಅವಳ ಎದುರಿಗೇ "ಪಾಪ, ಹುಷಾರಿಲ್ವೇನೋ" ಅಂದಿದ್ರು. ಅಂಥವಳಿಂದ ಒಂದು ಮಾತು ಹೊರಗೆ ಹೋಗೋದು ಹೇಗೆ? ಹೋಯ್ತು.

ಮಧ್ಯಾಹ್ನ ಎರಡು ಗಂಟೆಗೆ "ಬಾಯ್ಬಿಡಿ" ಕಾರ್ಯಕ್ರಮ ಶುರುವಾದ ಮೇಲೆ ಊರಿನ ಸಾರ್ವಜನಿಕ ಜೀವನದಲ್ಲಿ ಒಂದು ಶಿಸ್ತು ಬಂತು ಅನ್ನೋದನ್ನ ಯಾರೂ ಅಲ್ಲಗಳೆಯೋ ಹಾಗಿಲ್ಲ. ಎರಡಕ್ಕೆ ಸರಿಯಾಗಿ ಬ್ಯಾಂಕಿನ ಕಿಟಕಿ ಮುಚ್ಚುತ್ತಿತ್ತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡದವರು ಅರ್ಧ ಗಡ್ಡದಲ್ಲೇ ಕೂತಿರ್ತಿದ್ರು. ಹಲ್ಲಿನ ಡಾಕ್ಟರು ರೋಗಿಯ ಬಾಯಿ ತೆರೆಸಿಟ್ಟು ಟೀವಿ ನೋಡ್ತಿದ್ರು, ರೋಗಿಯೂ ನೋಡ್ತಿದ್ದ, ಇಬ್ಬರ ಬಾಯಿಯೂ ತೆರೆದೇ ಇರ್ತಿತ್ತು. ಅತ್ತೆ ಸೊಸೆ, ಅಣ್ಣ ತಮ್ಮ, ಬಾಡಿಗೆಯವರು ಮನೆ ಮಾಲೀಕರು, ಹೀಗೆ ಮುಖ ಮುಖ ನೋಡದವರನ್ನ ಎದುರುಬದುರು ಕುರ್ಚಿಯಲ್ಲಿ ಕೂರಿಸಿ, ಒಳಗಿರೋದನ್ನ ಹೊರಗೆ ತೆಗೆಸೋದು ಆ ಕಾರ್ಯಕ್ರಮದ ಕೆಲಸ. ತೆಗೆದದ್ದನ್ನ ವಾಪಸ್ ಒಳಗೆ ಹಾಕೋದು ಅವರ ಕೆಲಸ ಆಗಿರಲಿಲ್ಲ.

ಒಂದು ನೋಡಿ ಇನ್ನೊಂದು ಅಂತ ಉಳಿದ ಚಾನೆಲ್ಲುಗಳೂ ಶುರು ಹಚ್ಚಿಕೊಂಡವು. ಎರಡೇ ವರ್ಷಕ್ಕೆ ಹನ್ನೊಂದು ಕಾರ್ಯಕ್ರಮ. ಊರಿನ ಇದ್ದಬದ್ದ ಜಗಳವೆಲ್ಲ ಖರ್ಚಾಗಿ ಹೋಯ್ತು. ಒಂದು ಚಾನೆಲ್ಲಿನವರಿಗೆ ಯಾರೂ ಸಿಗದೆ, ಒಬ್ಬ ಮುದುಕರನ್ನ ಅವರದೇ ಇಪ್ಪತ್ತೈದನೇ ವಯಸ್ಸಿನ ಫೋಟೋ ಎದುರಿಗೆ ಕೂರಿಸಿದ್ರು. ಮುದುಕರು ಆ ಹುಡುಗನಿಗೆ ಚೆನ್ನಾಗಿ ಉಗಿದರಂತೆ, ಜನ ಮೆಚ್ಚಿಕೊಂಡ್ರಂತೆ. ಇಂಥ ಅಭಾವದ ಕಾಲದಲ್ಲೇ "ಬಾಯ್ಬಿಡಿ"ಯವರು ಟೀವಿಯಲ್ಲಿ ಈ ಪ್ರಕಟಣೆ ಹಾಕಿದ್ದು:

"ಯೋಗ್ಯ ಜಗಳವುಳ್ಳ ಕುಟುಂಬಗಳಿಂದ ಅರ್ಜಿ ಆಹ್ವಾನಿಸಲಾಗಿದೆ. ಜಗಳವು ಸ್ವಂತದ್ದಾಗಿರತಕ್ಕದ್ದು. ನೆರೆಮನೆಯಿಂದ ಎರವಲು ತಂದ ಜಗಳಗಳನ್ನು ಪರಿಗಣಿಸಲಾಗುವುದಿಲ್ಲ. ಆಯ್ಕೆಯಾದ ಕುಟುಂಬಕ್ಕೆ ಮನೆಗೆ ಬೇಕಾದ ಯಾವುದಾದರೂ ಒಂದು ವಸ್ತುವನ್ನು ನೀಡಲಾಗುವುದು."

ದೊಡ್ಡಮ್ಮ ಅದನ್ನ ಎರಡು ಸಲ ಓದಿ, ನಡುಬಾಗಿಲ ಕಡೆ ತಿರುಗಿ, "ಏ, ನಮಗೆ ಓವರ್‌ಲಾಕ್ ಮಷಿನ್ನು ಸಿಕ್ಕೋ ಹಾಗಿದೆ ಕಣೇ. ನಾವು ಸ್ವಲ್ಪ ಜಗಳ ಆಡಬೇಕಷ್ಟೇ" ಅಂದ್ಲು.

ಅಮ್ಮ ಮಷಿನ್ ತುಳಿಯೋದನ್ನ ನಿಲ್ಲಿಸದೆ, "ಆಯ್ತಕ್ಕ. ಈ ಕಾಲರ್ ಮುಗಿಸಿ ಬರ್ತೀನಿ" ಅಂದ್ಲು.

ಅಕ್ಕ ತಂಗಿ ಇಬ್ಬರೂ ಒಂದು ಮನೆಯನ್ನ ಎರಡು ಮಾಡಿಕೊಂಡು ಇದ್ರು. ಈ ಕಡೆ ಅಮ್ಮ, ಹುಡುಗಿ, ಹೊಲಿಗೆ ಮಷಿನ್ನು. ಆ ಕಡೆ ದೊಡ್ಡಮ್ಮ, ಬಟ್ಟೆ ಕತ್ತರಿಸೋ ಉದ್ದದ ಮೇಜು, ಟೀವಿ. ಅಪ್ಪ ಹಡಗಿನಲ್ಲಿ ಅಡುಗೆಯವನು. ವರ್ಷಕ್ಕೊಂದು ಸಲ ಬಂದು, ಇನ್ನೂರು ಜನರ ಲೆಕ್ಕದಲ್ಲಿ ಉಪ್ಪು ಹಾಕಿ ಹೋಗ್ತಿದ್ದ. ದೊಡ್ಡಮ್ಮನಿಗೆ ಬೇರೆ ಯಾರೂ ಇರಲಿಲ್ಲ. ಊರಿನ ದೊಡ್ಡ ಶಾಲೆಯ ಯೂನಿಫಾರಂ ಎಲ್ಲಾ ಇವರದೇ: ದೊಡ್ಡಮ್ಮ ಕತ್ತರಿಸ್ತಿದ್ಲು, ಅಮ್ಮ ಹೊಲೀತಿದ್ಲು. ಬಟ್ಟೆ ಅಂಚಿನ ನೂಲು ಬಿಚ್ಚಿಕೊಳ್ಳದ ಹಾಗೆ ಹೊಲಿಯೋ ಓವರ್‌ಲಾಕ್ ಮಷಿನ್ನು ಕೆಟ್ಟು ಕೂತು ಆರು ತಿಂಗಳಾಗಿತ್ತು.

ಎರಡೂ ಮನೆಯ ನಡುವೆ ಒಂದು ಬಾಗಿಲು. ಅದಕ್ಕೆ ದೊಡ್ಡಮ್ಮನ ಕಡೆಯಿಂದ ಒಂದು ಚಿಲಕ ಇತ್ತು. ಬಣ್ಣದ ಮೇಲೆ ಬಣ್ಣ ಹೊಡೆದು ಅದು ಕದಕ್ಕೇ ಅಂಟಿಕೊಂಡು, ತಾನು ಚಿಲಕ ಅನ್ನೋದನ್ನೇ ಮರೆತಿತ್ತು. ಹುಡುಗಿ ಓದ್ತಿದ್ದದ್ದು ಆ ಬಾಗಿಲಿನ ಹೊಸಿಲ ಮೇಲೆ. ಬೆನ್ನು ಚೌಕಟ್ಟಿನ ಒಂದು ಪಕ್ಕಕ್ಕೆ, ಪಾದ ಇನ್ನೊಂದು ಪಕ್ಕಕ್ಕೆ. ಎಡಗಿವಿಗೆ ಮಷಿನ್ ಸದ್ದು, ಬಲಗಿವಿಗೆ ಕತ್ತರಿ ಸದ್ದು. ಇಬ್ಬರೂ ದಿನಕ್ಕೆ ನಲವತ್ತು ಸಲ ಅವಳ ಮೊಣಕಾಲು ದಾಟಿ ಓಡಾಡ್ತಿದ್ರು. ದಾಟುವಾಗ ತಲೆ ಮೇಲೊಂದು ಕೈ ಇಟ್ಟು ದಾಟ್ತಿದ್ರು, ಬೀಳದ ಹಾಗೆ. ಅವಳಿಗೆ ಜಗತ್ತಿನಲ್ಲಿ ಬೇಕು ಅನ್ನಿಸಿದ ಜಾಗ ಅದೊಂದೇ.

ರಜೆಯ ದಿನ ಮಧ್ಯಾಹ್ನವೂ ಅಲ್ಲೇ ಕೂತಿರ್ತಿದ್ದರಿಂದ ಅವಳಿಗೆ ಒಂದು ಗುಟ್ಟು ಗೊತ್ತಿತ್ತು. ಮೂರು ವರ್ಷದಿಂದ ಕತ್ತರಿ ಹಿಡಿದಾಗ ದೊಡ್ಡಮ್ಮನ ಕೈ ಸಣ್ಣಗೆ ನಡುಗ್ತಿತ್ತು. ಅವಳು ಕತ್ತರಿಸಿದ ಬಟ್ಟೆಯಲ್ಲಿ ಒಂದು ತೋಳು ಒಂದು ಬೆರಳು ಗಿಡ್ಡ, ಒಂದು ಅಂಚು ಸೊಟ್ಟ. ದೊಡ್ಡಮ್ಮನಿಗೆ ಅದು ಕಾಣ್ತಿರಲಿಲ್ಲ. ಎರಡು ಗಂಟೆಗೆ ಅವಳು ಮೇಜಿಗೆ ಬೆನ್ನು ಹಾಕಿ "ಬಾಯ್ಬಿಡಿ" ನೋಡೋಕೆ ಕೂತ ಕೂಡಲೇ, ಅಮ್ಮ ಬರಿಗಾಲಲ್ಲಿ ಹುಡುಗಿಯ ಮೊಣಕಾಲು ದಾಟಿ ಬಂದು, ಎಲ್ಲಾ ತುಂಡುಗಳನ್ನೂ ಮತ್ತೆ ಅಳೆದು, ಸೊಟ್ಟ ಇದ್ದದ್ದನ್ನ ನೆಟ್ಟಗೆ ಕತ್ತರಿಸ್ತಿದ್ಲು. ತೀರಾ ಗಿಡ್ಡವಾದದ್ದನ್ನ ಬೇರೆ ಬಟ್ಟೆಯಲ್ಲಿ ಹೊಸದಾಗಿ ಕತ್ತರಿಸಿ ಅದೇ ಜಾಗದಲ್ಲಿ ಇಡ್ತಿದ್ಲು. ಸದ್ದು ಕೇಳಬಾರದು ಅಂತ, ಸ್ಟುಡಿಯೋದಲ್ಲಿ ಕೂತ ಜನ "ಛೀ" ಅಂತ ಕೂಗಿದಾಗ ಮಾತ್ರ ಕತ್ತರಿ ಆಡಿಸ್ತಿದ್ಲು. ಒಳ್ಳೇ ಜಗಳ ಇದ್ದ ದಿನ ಒಂದು ಡಜನ್ ಅಂಗಿ ಸರಿ ಹೋಗ್ತಿತ್ತು. ರಾಜಿ ಆಗಿಬಿಟ್ಟ ದಿನ ಅಮ್ಮನ ಕೆಲಸ ಅರ್ಧಕ್ಕೇ ನಿಲ್ತಿತ್ತು.

"ದೊಡ್ಡಮ್ಮನಿಗೆ ಹೇಳಬೇಡ, ಆಯ್ತಾ? ಯಾವತ್ತೂ" ಅಂತ ಅಮ್ಮ ಹೇಳಿದ್ದು ಇದನ್ನ.

ಅರ್ಜಿ ಎರಡಿದ್ವು, ಇಬ್ಬರೂ ಬೇರೆ ಬೇರೆ ತುಂಬಬೇಕು. ಅಮ್ಮನ ಕನ್ನಡಕದ ಕಾಲು ಮುರಿದಿದ್ದರಿಂದ ದೊಡ್ಡಮ್ಮನೇ ಎರಡನ್ನೂ ಬರೆಯೋಕೆ ಕೂತ್ಲು. ತನ್ನ ಮೇಲಿನ ದೂರನ್ನೂ ತಾನೇ ಬರೀಬೇಕಾದ್ದರಿಂದ ಅವಳು ಅದಕ್ಕೆ ಹೆಚ್ಚು ಗಮನ ಕೊಟ್ಲು. ಆದ್ರೆ ದೂರು ಏನು ಅಂತ ಇಬ್ಬರಿಗೂ ಹೊಳೀಲಿಲ್ಲ.

"ನಿನ್ನ ಚಿಕ್ಕ ಕತ್ತರಿ ನಾನು ತಗೊಂಡು ಕೊಟ್ಟೇ ಇಲ್ಲ ಅಂತ ಬರೀಲಾ?"

"ಕೊಟ್ಯಲ್ಲಕ್ಕ, ಮಾರನೇ ದಿನಾನೇ. ಸಾಣೆ ಹಿಡಿಸಿ ಬೇರೆ ಕೊಟ್ಟೆ."

"ಸಾಣೆ ವಿಷಯ ಬರೆಯೋದು ಬೇಡ ಬಿಡು" ಅಂದು ದೊಡ್ಡಮ್ಮ ಕತ್ತರಿಯ ದೂರನ್ನ ಬರೆದ್ಲು. ಕೆಳಗೆ "ಈಕೆ ಬಹಳ ಕೆಟ್ಟ ಹೆಂಗಸು" ಅಂತ ತನ್ನ ಬಗ್ಗೆ ಸೇರಿಸಿ, ಸಾಕಾ ಅಂತ ಕೇಳಿದ್ಲು. ಅಮ್ಮ "ಬಹಳ" ಬೇಡ ಅಂದ್ಲು.

ಜಗಳ ವಿಭಾಗ ಚಾನೆಲ್ ಕಟ್ಟಡದ ನೆಲಮಹಡಿಯಲ್ಲಿತ್ತು. ಉದ್ದನೆ ಬೆಂಚಿನ ಮೇಲೆ ಹತ್ತಿಪ್ಪತ್ತು ಕುಟುಂಬ ಕಾಯ್ತಾ ಕೂತಿದ್ವು. ಒಂದೇ ಡಬ್ಬಿಯಲ್ಲಿ ತಿಂತಿದ್ರು, ಒಬ್ಬರ ಮಗುವನ್ನ ಇನ್ನೊಬ್ಬರು ಆಡಿಸ್ತಿದ್ರು. ತಮ್ಮ ನಂಬರು ಕೂಗಿದ ತಕ್ಷಣ ಎದ್ದು, ಬಾಯಿ ಒರೆಸಿಕೊಂಡು, ಬೇರೆ ಬೇರೆ ಬಾಗಿಲಿಂದ ಒಳಗೆ ಹೋಗ್ತಿದ್ರು.

ಮೇಲ್ವಿಚಾರಕರು ಬೂದು ಸ್ವೆಟರಿನ, ತುಂಬಾ ಮೆತ್ತಗೆ ಮಾತಾಡೋ ಮನುಷ್ಯ. ಎರಡು ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರು. ಎರಡರಲ್ಲೂ ಒಂದೇ ಕೈಬರಹ ಇರೋದನ್ನ ಅವರು ಗಮನಿಸಿದ್ರು. "ಅಕ್ಷರ ಮುದ್ದಾಗಿದೆ" ಅಂತ ಅಂಚಿನಲ್ಲಿ ಬರೆದ್ರು. ಆಮೇಲೆ ಬೇಜಾರಿಂದ ತಲೆ ಆಡಿಸಿ, "ಅಮ್ಮಾ, ಇದು ಮೂರನೇ ದರ್ಜೆ ಜಗಳ. ಕತ್ತರಿ ಕಳೆದ ವಾರ ಮೂರು ಬಂದಿದೆ. ಇದನ್ನ ಹೀಗೇ ತೆಗೆದುಕೊಂಡ್ರೆ ನಿಮಗೆ ಒಂದು ನೀರಿನ ಜಗ್ಗು ಕೊಡಬಹುದು ಅಷ್ಟೇ" ಅಂದ್ರು.

ಓವರ್‌ಲಾಕ್ ಬೇಕಿತ್ತು ಸಾರ್ ಅಂತ ದೊಡ್ಡಮ್ಮ ವಿನಯದಿಂದ ಕೇಳಿದ್ಲು. ಅದಕ್ಕೆ ಪ್ರಥಮ ದರ್ಜೆ ಬೇಕು, ಎರಡು ವಾರ ಟೈಮ್ ಕೊಡ್ತೀನಿ, ಮನೆಯಲ್ಲಿಟ್ಟು ಬಲಿಸಿಕೊಂಡು ಬನ್ನಿ ಅಂದ್ರು ಅವರು. ಮಾರ್ಗಸೂಚಿಯ ಹಾಳೆ ಕೊಟ್ರು. ಜಗಳಸ್ಥರು ಒಟ್ಟಿಗೆ ಊಟ ಮಾಡತಕ್ಕದ್ದಲ್ಲ. ದಿನಕ್ಕೆ ಮೂರು ಬಾರಿ, ಊಟಕ್ಕೆ ಮುಂಚೆ, "ನೀನು ಯಾವಾಗಲೂ" ಎಂದು ಪ್ರಾರಂಭವಾಗುವ ವಾಕ್ಯವನ್ನು ಪರಸ್ಪರ ಹೇಳತಕ್ಕದ್ದು. ಇದೆಲ್ಲವನ್ನ ದಿನಚರಿಯಲ್ಲಿ ಬರೆದಿಡೋಕೆ ಮನೆಯಲ್ಲಿ ಒಬ್ಬ ಸಾಕ್ಷಿ ಬೇಕು; ಸಾಕ್ಷಿ ಓದುಬರಹ ಬಲ್ಲ, ಸುಳ್ಳು ಹೇಳದ ವ್ಯಕ್ತಿಯಾಗಿರಬೇಕು.

ಅಮ್ಮ, ದೊಡ್ಡಮ್ಮ, ಮೇಲ್ವಿಚಾರಕರು ಮೂವರೂ ಒಟ್ಟಿಗೆ ಹುಡುಗಿಯ ಕಡೆ ತಿರುಗಿದ್ರು. ಶಾಲೆಗೂ ಬೇಸಿಗೆ ರಜೆ ಇತ್ತು. ಹುಡುಗಿ ಕೈಯಲ್ಲಿದ್ದ ಪುಸ್ತಕ ಮುಚ್ಚಿದ್ಲು.

ದಿನಚರಿಯಲ್ಲಿ ಐದು ಕಾಲಂ: ದಿನಾಂಕ, ಪ್ರಾರಂಭಿಸಿದವರು, ವಾಕ್ಯ, ಪ್ರತಿಕ್ರಿಯೆ, ಇತರೆ. ಕೆಳಗೆ ದಪ್ಪಕ್ಷರದಲ್ಲಿ "ಯಾವುದೇ ಕಾಲಂ ಖಾಲಿ ಬಿಡತಕ್ಕದ್ದಲ್ಲ" ಅಂತ ಅಚ್ಚಾಗಿತ್ತು. ಅಚ್ಚಾದದ್ದನ್ನ ಹುಡುಗಿ ನಂಬ್ತಿದ್ಲು.

ಮೊದಲನೇ ದಿನ ಬೆಳಿಗ್ಗೆ ಇಬ್ಬರೂ ಹೊಸಿಲಿನ ಆಚೆ ಈಚೆ ನಿಂತ್ರು. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು, "ನೀನು ಯಾವಾಗಲೂ ಗುಂಡಿ ಭದ್ರವಾಗಿ ಹಾಕ್ತೀಯ" ಅಂದ್ಲು.

"ನೀನು ಹೇಳಿಕೊಟ್ಟಿದ್ದಲ್ವಕ್ಕ" ಅಂದ್ಲು ಅಮ್ಮ.

ಹುಡುಗಿ ಅದನ್ನ ಹಾಗೇ ಬರೆದ್ಲು. "ಇತರೆ"ಯಲ್ಲಿ "ಮೋಡ" ಅಂತ ಹಾಕಿದ್ಲು. ಎರಡನೇ ದಿನ "ಬೆಕ್ಕು ಬಂದಿತ್ತು". ಮೂರನೇ ದಿನ "ಬೆಕ್ಕು ಬರಲಿಲ್ಲ". ಬೇರೆ ಬೇರೆ ಉಣ್ಣೋ ನಿಯಮ ಇತ್ತಲ್ಲ, ಅದನ್ನೂ ಪಾಲಿಸಿದ್ರು: ಅಮ್ಮ ಸಾರು ಮಾಡಿ ಆ ಕಡೆ ಕಳಿಸ್ತಿದ್ಲು, ದೊಡ್ಡಮ್ಮ ಪಲ್ಯ ಮಾಡಿ ಈ ಕಡೆ ಕಳಿಸ್ತಿದ್ಲು, ಹುಡುಗಿ ಮಧ್ಯೆ ಕೂತು ಎರಡನ್ನೂ ತಿಂತಿದ್ಲು.

ಎಂಟನೇ ದಿನಕ್ಕೆ ಸ್ವಲ್ಪ ಬಲಿಯಿತು. ಅಂದು ಅಮ್ಮ, "ನೀನು ಯಾವಾಗಲೂ ಕತ್ತರಿ ನಿನ್ನ ಕೈಲೇ ಇಟ್ಕೋತೀಯ. ನಾನೂ ಕತ್ತರಿಸಬಲ್ಲೆ" ಅಂದ್ಲು. ದೊಡ್ಡಮ್ಮ ಒಂದು ಗಳಿಗೆ ಅವಳನ್ನೇ ನೋಡಿ, ಹುಡುಗಿಗೆ, "ಇದು ಚೆನ್ನಾಗಿದೆ, ಬರ್ಕೋ" ಅಂದ್ಲು. ಅವಳ ದನಿ ಯಾವಾಗಿನ ಹಾಗೆ ಇರಲಿಲ್ಲ. ಅದನ್ನ ಹಾಕೋಕೆ ಕಾಲಂ ಇರಲಿಲ್ಲ.

ಒಂಬತ್ತನೇ ದಿನ ಮೋಡವೂ ಇರಲಿಲ್ಲ, ಬೆಕ್ಕಿನ ಬಗ್ಗೆ ಹೇಳೋದೂ ಏನೂ ಉಳಿದಿರಲಿಲ್ಲ. ಹುಡುಗಿ ಪೆನ್ನು ಕಚ್ಚಿಕೊಂಡು ಬಹಳ ಹೊತ್ತು ಕೂತ್ಲು. ಅವಳು ಇಷ್ಟು ವರ್ಷದಲ್ಲಿ ಎಷ್ಟೋ ಅರ್ಜಿ ತುಂಬಿದ್ಲು: ಗ್ರಂಥಾಲಯದ್ದು, ಶಾಲೆಯದು, ಬಸ್ ಪಾಸಿಂದು. ಯಾರೂ ಯಾವತ್ತೂ "ಇತರೆ" ಓದಿದ ದಾಖಲೆ ಇರಲಿಲ್ಲ. ಖಾಲಿಯಂತೂ ಬಿಡೋ ಹಾಗಿಲ್ಲ. ಅವಳು ಬಾಯಿ ಬಿಡಬಾರದು ಅಂತ ಮಾತು ಕೊಟ್ಟಿದ್ಲು, ಬಾಯಿ ಬಿಡಲಿಲ್ಲ. ಸಣ್ಣ ಅಕ್ಷರದಲ್ಲಿ, "ಎರಡು ಗಂಟೆಗೆ ಅಮ್ಮ ಎಂದಿನಂತೆ ದೊಡ್ಡಮ್ಮ ಕತ್ತರಿಸಿದ್ದನ್ನು ಗೊತ್ತಾಗದ ಹಾಗೆ ಸರಿಯಾಗಿ ಕತ್ತರಿಸಿದಳು. ಹದಿನಾಲ್ಕು ತೋಳು" ಅಂತ ಬರೆದ್ಲು.

ಹನ್ನೆರಡನೇ ದಿನ ಚಾನೆಲ್ಲಿನವರು ಬಾಗಿಲು ಹಾಕಿಕೊಳ್ಳೋ ದೃಶ್ಯ ತೆಗೆಯೋಕೆ ಬಂದ್ರು. ಅವರ ಬಡಗಿ ಬಣ್ಣ ಕೆರೆದು, ಎಣ್ಣೆ ಬಿಟ್ಟು, ಅಲ್ಲಾಡಿಸಿ ಅಲ್ಲಾಡಿಸಿ ಆ ಚಿಲಕವನ್ನ ಮತ್ತೆ ಚಿಲಕ ಮಾಡಿದ. ದೊಡ್ಡಮ್ಮ ದಢಾರನೆ ಬಾಗಿಲು ಹಾಕಬೇಕು, ಅಮ್ಮ ಈ ಕಡೆಯಿಂದ ಬಡಿಯಬೇಕು. ದೊಡ್ಡಮ್ಮ ಪ್ರತಿ ಸಲ ಬಾಗಿಲು ಹಾಕಿ, ಮತ್ತೆ ತೆಗೆದು, "ಸರಿ ಹೋಯ್ತಾ? ಬೆರಳಿಗೆ ತಾಗ್ಲಿಲ್ಲ ತಾನೇ?" ಅಂತ ಕೇಳ್ತಿದ್ಲು. ಏಳು ಸಲ ಹೀಗಾಯ್ತು. ಎಂಟನೇ ಸಲ ಕ್ಯಾಮೆರಾದವನು ಅವಳು ತೆಗೆಯೋಕೆ ಮುಂಚೆಯೇ ಕ್ಯಾಮೆರಾ ನಿಲ್ಲಿಸಿದ. ಹೋಗುವಾಗ ದಿನಚರಿ ತಗೊಂಡು ಹೋದ್ರು.

ಸ್ಟುಡಿಯೋದಲ್ಲಿ ಜನರ ತಲೆ ಮೇಲೆ ಎರಡು ದೀಪದ ಹಲಗೆ. ಒಂದರಲ್ಲಿ "ಛೀ", ಇನ್ನೊಂದರಲ್ಲಿ "ಅಯ್ಯೋ". ಯಾವುದು ಹತ್ತಿಕೊಂಡರೆ ಜನ ಅದನ್ನ ಅನ್ನಬೇಕು. ಹುಡುಗಿಯನ್ನ ಮುಂದಿನ ಸಾಲಲ್ಲಿ ಕೂರಿಸಿದ್ರು. ಅಮ್ಮ, ದೊಡ್ಡಮ್ಮ ಎದುರುಬದುರು ಕೂತು, ದೀಪದ ಝಳಕ್ಕೆ ಕಣ್ಣು ಸಣ್ಣ ಮಾಡಿಕೊಂಡು ಒಬ್ಬರನ್ನೊಬ್ಬರು ನೋಡ್ತಿದ್ರು. ಅಮ್ಮ ಕತ್ತರಿ ವಿಷಯ ಹೇಳಿದ್ಲು. ದೊಡ್ಡಮ್ಮ ಒಪ್ಪಿಕೊಂಡ್ಲು. ಅಲ್ಲಿಗೆ ಜಗಳ ಮುಗೀತು. ಇನ್ನೂ ಇಪ್ಪತ್ತೆರಡು ನಿಮಿಷ ಬಾಕಿ ಇತ್ತು. "ಛೀ" ಹಲಗೆ ಎರಡು ಸಲ ಮಿಣುಕಿ ಆರಿಹೋಯ್ತು.

ನಿರೂಪಕಿ ಬಹಳ ಅನುಭವಸ್ಥರು. ನಾಲ್ಕು ಸಾವಿರ ಕುಟುಂಬಗಳನ್ನ ನೋಡಿದವರು. ಅವರು ದಿನಚರಿ ತೆಗೆದು, ನೇರವಾಗಿ "ಇತರೆ"ಯ ಕಾಲಮ್ಮಿಗೆ ಬೆರಳು ಇಟ್ಟು, ಮೇಲಿಂದ ಕೆಳಕ್ಕೆ ಓದ್ತಾ ಬಂದ್ರು. ಮೋಡ. ಬೆಕ್ಕು. ಬೆಕ್ಕು ಇಲ್ಲ. ಬೆರಳು ನಿಂತಿತು. ಅವರು ಅದನ್ನ ಗಟ್ಟಿಯಾಗಿ, ಸ್ಪಷ್ಟವಾಗಿ, ಹದಿನಾಲ್ಕು ತೋಳಿನ ತನಕ ಓದಿದ್ರು.

ದೊಡ್ಡಮ್ಮ ಮೊದಲು ತನ್ನ ಕೈ ನೋಡಿಕೊಂಡ್ಲು. ಆಮೇಲೆ ಅಮ್ಮನನ್ನ ನೋಡಿದ್ಲು.

"ಎಷ್ಟು ದಿನದಿಂದ?"

ಅಮ್ಮನಿಗೆ ಸುಳ್ಳು ಬರ್ತಿರಲಿಲ್ಲ. "ಮೂರು ವರ್ಷ, ಅಕ್ಕ."

"ದಿನಾನೂ?"

ಅಮ್ಮ ತಲೆ ತಗ್ಗಿಸಿದ್ಲು. "ಭಾನುವಾರ ಬಿಟ್ಟು" ಅಂದ್ಲು.

ಹಲಗೆ ಹತ್ತಿಸೋದನ್ನ ಮರೆತಿದ್ರು. ಆದ್ರೂ ಜನ ಅಯ್ಯೋ ಅಂದ್ರು. ಮೂಲೆಯಲ್ಲಿ ನಿಂತಿದ್ದ ಮೇಲ್ವಿಚಾರಕರು ಕಣ್ಣೊರೆಸಿಕೊಂಡು, ಅರ್ಜಿಯ ಮೇಲೆ ಮೂರನ್ನ ಹೊಡೆದು ಒಂದು ಮಾಡಿದ್ರು.

ಮನೆಗೆ ಒಂದೇ ಬಸ್ಸಲ್ಲಿ ಬಂದ್ರು, ಬೇರೆ ಬೇರೆ ಸೀಟಲ್ಲಿ. ದೊಡ್ಡಮ್ಮ ಹೊಸಿಲು ದಾಟಿ ಆ ಕಡೆ ಹೋದ್ಲು. ಹೊಸದಾಗಿ ಎಣ್ಣೆ ಬಿಟ್ಟ ಚಿಲಕ, ಒಂದು ಬೆರಳಿಗೇ ಹೋಗಿ ಕೂತಿತು.

ನಾಲ್ಕನೇ ದಿನಕ್ಕೆ ಪತ್ರ ಬಂತು.

"ತಮ್ಮ ಜಗಳವನ್ನು ಪ್ರಥಮ ದರ್ಜೆಗೆ ಏರಿಸಲಾಗಿದೆಯೆಂದು ತಿಳಿಸಲು ಹರ್ಷಿಸುತ್ತೇವೆ. ಸದರಿ ಜಗಳವು ಇನ್ನು ಮುಂದೆ ಚಾನೆಲ್ಲಿನ ಸ್ವತ್ತಾಗಿರುತ್ತದೆ. ಪೂರ್ವಾನುಮತಿಯಿಲ್ಲದೆ ರಾಜಿಯಾಗುವುದು, ಮುಗುಳ್ನಗುವುದು, ಮಕ್ಕಳ ಮುಖಾಂತರ ಯೋಗಕ್ಷೇಮ ವಿಚಾರಿಸುವುದು ನಿಷಿದ್ಧ. ರಾಜಿ ಸಂಚಿಕೆಯ ಸರದಿಯಲ್ಲಿ ತಮ್ಮ ಸಂಖ್ಯೆ 1,312. ವಾರಕ್ಕೆ ಎರಡು ರಾಜಿಗಳನ್ನು ಪ್ರಸಾರ ಮಾಡಲಾಗುವುದು. ಸಾಕ್ಷಿಯು ಈ ವಿಷಯವನ್ನು ಎಲ್ಲಿಯೂ ಬಾಯಿ ಬಿಡತಕ್ಕದ್ದಲ್ಲ."

ಹುಡುಗಿ ಪತ್ರದ ಹಿಂಬದಿಯಲ್ಲಿ ಭಾಗಿಸಿ ನೋಡಿದ್ಲು. ಹನ್ನೆರಡೂವರೆ ವರ್ಷ. ಅಷ್ಟೊತ್ತಿಗೆ ಅವಳಿಗೆ ಇಪ್ಪತ್ತೇಳು ದಾಟಿರುತ್ತೆ, ಹೊಸಿಲಲ್ಲಿ ಕಾಲು ಹಿಡಿಸಲ್ಲ. ಅಮ್ಮ ಪತ್ರವನ್ನ ಎರಡು ಸಲ ಓದಿಸಿ ಕೇಳಿ, "ಅವರೂ ಎಷ್ಟು ಜನಾಂತ ನೋಡ್ತಾರೆ, ಪಾಪ" ಅಂದು ಮಷಿನ್ ಮುಂದೆ ಕೂತ್ಲು.

ಓವರ್‌ಲಾಕ್ ಮಷಿನ್ನೂ ಬಂತು. ಜಗಳಸ್ಥರಿಬ್ಬರಿಗೂ ಸಮಪಾಲು ಅನ್ನೋ ನಿಯಮ ಇದ್ದದ್ದರಿಂದ, ತಂದವರು ಮಷಿನ್ನಿನ ತಲೆಯನ್ನ ಅಮ್ಮನ ಕಡೆ ಇಳಿಸಿ, ಮೋಟರು ಮತ್ತೆ ಮೇಜನ್ನ ದೊಡ್ಡಮ್ಮನ ಕಡೆ ಇಳಿಸಿ, ಇಬ್ಬರ ಹತ್ತಿರವೂ ಪೂರ್ತಿ ಮಷಿನ್ ಮುಟ್ಟಿದೆ ಅಂತ ಸಹಿ ಹಾಕಿಸಿಕೊಂಡು ಹೋದ್ರು.

ಗುರುವಾರ ಗುರುವಾರ ಮೇಲ್ವಿಚಾರಕರು ತಪಾಸಣೆಗೆ ಬರ್ತಿದ್ರು. ದೊಡ್ಡಮ್ಮನ ಕಡೆಯಿಂದ ಚಿಲಕ ಎಳೆದು ನೋಡಿ, ಟೀ ಕುಡಿದು, ಬೀದಿ ಸುತ್ತಿ ಬಂದು ಅಮ್ಮನ ಕಡೆಯಿಂದ ಬಾಗಿಲು ತಳ್ಳಿ ನೋಡಿ, ಟೀ ಕುಡೀತಿದ್ರು. "ಎರಡು ಕಡೆ ಟೀನೂ ಒಂದೇ ರುಚಿ" ಅಂತ ಒಂದು ಸಲ ಬಾಯಿ ತಪ್ಪಿ ಅಂದು, ಇದು ದಾಖಲೆಗೆ ಬೇಡ ಅಂದ್ರು.

ಕೆಲಸ ಮಾತ್ರ ನಿಲ್ಲಲಿಲ್ಲ. ಬಟ್ಟೆ ಆ ಕಡೆ ಬಾಗಿಲಿಗೆ ಬಂದು, ಕತ್ತರಿಸಿಕೊಂಡು, ಬೀದಿ ಸುತ್ತಿ ಈ ಕಡೆ ಬಾಗಿಲಿಗೆ ಬರ್ತಿತ್ತು. ಗಂಟಿಗೆ ಒಂದು ಚೀಟಿ ಚುಚ್ಚಿರ್ತಿತ್ತು, ಮುದ್ದಾದ ಅಕ್ಷರದಲ್ಲಿ: "ಇದ್ದ ಹಾಗೇ ಹೊಲಿಯತಕ್ಕದ್ದು." ಅಮ್ಮ ಇದ್ದ ಹಾಗೇ ಹೊಲಿದ್ಲು, ಒಂದು ನೂಲೂ ಆಚೀಚೆ ಮಾಡದೆ. ಶಾಲೆ ಶುರುವಾದಾಗ ಆರುನೂರು ಮಕ್ಕಳ ಎಡತೋಳು ಒಂದು ಬೆರಳು ಗಿಡ್ಡ ಇತ್ತು. ಹೆಡ್‌ಮಾಸ್ಟರು ಪ್ರಾರ್ಥನೆ ಸಾಲಿನಲ್ಲಿ ಎಲ್ಲರ ತೋಳನ್ನೂ ನೋಡಿದ್ರು. ಎಲ್ಲರದೂ ಒಂದೇ ಥರ ಇತ್ತು, ಶಿಸ್ತಿಗೆ ಭಂಗ ಬಂದಿರಲಿಲ್ಲ. ಮಾರನೇ ದಿನ ಸುತ್ತೋಲೆ ಬಂತು: "ಎಡತೋಳು ಗಿಡ್ಡವಿರತಕ್ಕದ್ದು. ಎರಡೂ ತೋಳು ಸಮ ಇರುವ ವಿದ್ಯಾರ್ಥಿಗಳನ್ನು ಹೊರಗೆ ನಿಲ್ಲಿಸಲಾಗುವುದು." ಹೋದ ವರ್ಷದ ಅಂಗಿ ಹಾಕಿಕೊಂಡು ಬಂದ ನಾಲ್ವರನ್ನ ಹೊರಗೆ ನಿಲ್ಲಿಸಿದ್ರು. ಅವರ ತಾಯಂದಿರು ದೊಡ್ಡಮ್ಮನ ಹತ್ತಿರ ಬಂದು, ಇದನ್ನ ಸರಿಯಾಗಿ ಕತ್ತರಿಸಿಕೊಡಿ ಅಂತ ಕೇಳಿಕೊಂಡ್ರು.

"ಬಾಯ್ಬಿಡಿ"ಯವರು ಆ ಸಂಚಿಕೆಯನ್ನ ಜನರ ಒತ್ತಾಯದ ಮೇರೆಗೆ ಮತ್ತೆ ಹಾಕಿದ ದಿನ ಹುಡುಗಿ ಶಾಲೆಗೆ ಹೋಗಲಿಲ್ಲ. ಟೀಚರಿಗೆ ಗೊತ್ತಾಗೋ ಹಾಗೂ ಇರಲಿಲ್ಲ. ಎರಡು ಗಂಟೆಗೆ ಅವಳು ನಡುಬಾಗಿಲ ಮುಂದೆ ನಿಂತ್ಲು. ಹಿಂದೆ ಅಮ್ಮನ ಮಷಿನ್ ಸದ್ದು ಮಾಡ್ತಿತ್ತು. ಬಾಗಿಲಾಚೆ ಟೀವಿಯಲ್ಲಿ ನಿರೂಪಕಿ ಬೆಕ್ಕಿನ ತನಕ ಬಂದಿದ್ರು.

ಹುಡುಗಿ ಬಾಗಿಲು ಬಡಿದ್ಲು. ಕೇಳಿಸಲಿಲ್ಲವೇನೋ ಅಂತ ಇನ್ನೂ ಜೋರಾಗಿ ಬಡಿದ್ಲು.

"ದೊಡ್ಡಮ್ಮ" ಅಂದ್ಲು. ಅವಳಿಗೇ ಗೊತ್ತಿಲ್ಲದಷ್ಟು ದೊಡ್ಡ ದನಿ ಬಂತು. "ದೊಡ್ಡಮ್ಮ, ಕಾಲಂ ಖಾಲಿ ಬಿಡಬಾರದು ಅಂತ ಇತ್ತು. ಅದಕ್ಕೆ ಬರೆದೆ. ಅಮ್ಮ ಹೇಳಿರಲಿಲ್ಲ. ನಾನು ಬರೆದೆ."

ಹಿಂದೆ ಮಷಿನ್ ನಿಂತಿತು. ಬಾಗಿಲಾಚೆ ಟೀವಿ ಆರಿತು. ಕತ್ತರಿ ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು. ಚಪ್ಪಲಿ ಇಲ್ಲದ ಹೆಜ್ಜೆ ನಾಲ್ಕು ಬಂದು, ಬಾಗಿಲಿನ ಹತ್ತಿರ ನಿಂತವು.

ಹುಡುಗಿ ಮತ್ತೆ ಬಡಿದ್ಲು. ಕಾದ್ಲು. ಎಣ್ಣೆ ಬಿಟ್ಟ ಚಿಲಕ ತೆಗೆದರೆ ಸದ್ದೇ ಆಗಲ್ಲ ಅಂತ, ಬಾಗಿಲಿಗೆ ಅಂಗೈ ಇಟ್ಟು ಕಾದ್ಲು. ಅಂಗೈ ಕೆಳಗೆ ಬಾಗಿಲು ಅಲ್ಲಾಡಲಿಲ್ಲ.